ಧರ್ಮಾರ್ಥ ಕೊಟ್ಟದ್ದಕ್ಕೂ ಷರತ್ತು ಸಲ್ಲುವುದೇ?

ಸುರಪುರದ ಬೆಟ್ಟವಿಳಿದು, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ತೋರುವ ಗುಡ್ಡವನ್ನು ಹಿಂದಿಕ್ಕಿ, ಭೀಮಾ ನದಿಯ ಸೇತುವೆಯನ್ನು ದಾಟಿ ಯಾದಗಿರಿಗೆ ಬರುವ ಮುಂಜಾನೆಯ ಬಸ್ಸುಗಳಲ್ಲಿ ಕೋರ್ಟಿನ ಕೆಲಸಕ್ಕೆಂದು ಹೊರಟವರು ಇಲ್ಲದ ದಿನ ಅಪರೂಪ. ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಹಿಂದಿರುಗದ ಕೈಗಡ - ವ್ಯಾಜ್ಯಗಳ ಬಗೆ ಬಹುಮಟ್ಟಿಗೆ ಹಳೆಯದೇ. ಬದಲಾದದ್ದು ಅವುಗಳ ಲೆಕ್ಕವಿಡುವ ರೀತಿ. ಹಿಂದೆ ಮುಂದಿನ ತಾರೀಖು ತಿಳಿಯಬೇಕಾದರೆ ವಕೀಲರ ಗುಮಾಸ್ತನನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಈಗ ೧೬ ಅಕ್ಷರಾಂಕಗಳ ಒಂದು ಸಂಖ್ಯೆಯನ್ನು ಕೈಯಲ್ಲಿನ ಫೋನಿಗೆ ತಿಳಿಸಿದರೆ ಸಾಕು. ಯಾವ ಕೋರ್ಟು, ಯಾವ ದಿನ, ಹಿಂದಿನ ಸಲ ಏನಾಯಿತು ಎಂಬುದೆಲ್ಲ ಕಣ್ಣೆದುರಿಗೆ ಬರುತ್ತದೆ.

ಈ ಅನುಕೂಲವನ್ನು ಒದಗಿಸಿದ್ದು ಇ-ಕೋರ್ಟ್ಸ್ ಯೋಜನೆ. ಯಾದಗಿರಿ, ಶಹಾಪುರ, ಸುರಪುರ ಎಂಬ ಭೇದವಿಲ್ಲದೆ ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲೆಲ್ಲ ನಡೆಯುತ್ತಿರುವ ‘ಪ್ರಕರಣ ಮಾಹಿತಿ ವ್ಯವಸ್ಥೆ’ಯನ್ನು ಪುಣೆಯ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ಮುಕ್ತ ತಂತ್ರಾಂಶಗಳ ತಳಹದಿಯ ಮೇಲೆ ಕಟ್ಟಿದ್ದಾರೆ. ನ್ಯಾಯಾಧೀಶರಿಗೆ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕಲಾಯಿತು. ಇವಕ್ಕಾಗಿ ಯಾವ ಕಂಪನಿಗೂ ಪ್ರತಿಯೊಂದಕ್ಕೆ ಇಷ್ಟೆಂದು ಹಣ ತೆರಬೇಕಾಗಿಲ್ಲ. ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ೧೯೯೧ರಲ್ಲಿ ಬರೆಯತೊಡಗಿದ್ದು, ಆ ಬಳಿಕ ಜಗತ್ತಿನ ನಾನಾ ಮೂಲೆಗಳಲ್ಲಿ ಕುಳಿತ ಸಹಸ್ರಾರು ಜನ ಕೂಡಿಸುತ್ತ ಬಂದದ್ದು, ಇಂದು ಯಾದಗಿರಿಯ ಮೊಕದ್ದಮೆಗಳಿಗೂ ನೆರವಾಗುತ್ತಿದೆ.

ಕೊಟ್ಟದ್ದು ಧರ್ಮಾರ್ಥವೆಂಬುದು ನಿಜ. ಷರತ್ತಿಲ್ಲದೆ ಕೊಟ್ಟಿದ್ದಾರೆಂಬುದು ಮಾತ್ರ ನಿಜವಲ್ಲ. ಇಂತಹ ಪ್ರತಿಯೊಂದು ತಂತ್ರಾಂಶದ ಜೊತೆಗೂ ಒಂದು ಪರವಾನಿಗೆಯ ಪತ್ರ ಇರುತ್ತದೆ. ಅದನ್ನು ಓದುವವರು ವಿರಳ. ಸಹಿ ಮಾಡಿದವರಂತೂ ಯಾರೂ ಇಲ್ಲ. ಹೀಗಿರುವಾಗ ಅದನ್ನು ಮುರಿದವನನ್ನು ಕಟಕಟೆಗೆ ಎಳೆಯಲು ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ವಕೀಲರಲ್ಲಿಯೇ ನಗೆಯ ವಿಷಯವಾಗಿತ್ತು.

ಒಂದು ಕಲ್ಪಿತ ಖಟ್ಲೆ

ಶಹಾಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುವ ತರುಣ ಮಾಸ್ತರರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಎರಡು ವರ್ಷ ರಾತ್ರಿಯ ನಿದ್ರೆಗೆಟ್ಟು, ಮಕ್ಕಳಿಗೆ ಕನ್ನಡದಲ್ಲಿ ಲೆಕ್ಕ ಹೇಳಿಕೊಡುವ ಒಂದು ತಂತ್ರಾಂಶವನ್ನು ಅವರು ರಚಿಸಿದರು. ‘ಯಾರು ಬೇಕಾದರೂ ಬಳಸಿರಿ, ತಿದ್ದಿರಿ, ಹಂಚಿರಿ. ಆದರೆ ಹಂಚುವಾಗ ಮೂಲ ಬರವಣಿಗೆಯನ್ನೂ ಜೊತೆಗೆ ಕೊಡಬೇಕು. ನನ್ನ ಹೆಸರನ್ನು ಅಳಿಸಬಾರದು. ನಾನು ನಿಮಗೆ ಕೊಟ್ಟ ಸ್ವಾತಂತ್ರ್ಯವನ್ನೇ ನೀವು ಮುಂದಿನವರಿಗೂ ಕೊಡಬೇಕು’ ಎಂಬರ್ಥದ ಜಿ.ಪಿ.ಎಲ್. ಪರವಾನಿಗೆಯೊಡನೆ ಅದನ್ನು ಹೊರಗೆ ಬಿಟ್ಟರು. ಒಂದು ದಿನ ದೂರದ ನಗರದ ಕಂಪನಿಯೊಂದು ಅದೇ ತಂತ್ರಾಂಶಕ್ಕೆ ಹೊಸ ಬಣ್ಣ ಬಳಿದು, ಮಾಸ್ತರರ ಹೆಸರನ್ನು ಒರೆಸಿ, ಮೂಲವನ್ನು ಮುಚ್ಚಿಟ್ಟು, ಶಾಲೆಗಳಿಗೆ ಮಾರತೊಡಗಿತು.

ಮಾಸ್ತರರು ವಕೀಲರ ಮನೆಗೆ ಹೋದರೆ ಕೇಳಿಬರುವ ಮೊದಲ ಮಾತು ಊಹಿಸಲಾಗದ್ದೇನಲ್ಲ.

“ಧರ್ಮಕ್ಕ ಕೊಟ್ಟೀರಿ ಮಾಸ್ತರ. ರೊಕ್ಕ ತಗೊಂಡಿಲ್ಲ, ಕಾಗದದ ಮ್ಯಾಲೆ ಅವರ ಸಹಿ ಇಲ್ಲ. ಇನ್ನ ಕರಾರು ಅಂತ ಏನ್ ತೋರಸ್ತೀರಿ?”

“ಧರ್ಮಕ್ಕ ಕೊಟ್ಟದ್ದು ಮಕ್ಕಳಿಗಿರೀ ವಕೀಲ ಸಾಹೇಬ್ರ. ಅದಕ್ಕ ಬೀಗ ಹಾಕ್ರಿ ಅಂತ ಯಾರಿಗೂ ಕೊಟ್ಟಿಲ್ಲ.”

ಈ ಎರಡು ಮಾತುಗಳ ನಡುವೆಯೇ ಇಡೀ ವಿವಾದ ಅಡಗಿದೆ. ವಕೀಲರ ಮಾತು ಸುಳ್ಳಲ್ಲ. ೧೮೭೨ರ ಭಾರತೀಯ ಕರಾರು ಕಾಯಿದೆಯ ೨೫ನೆಯ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ಪ್ರತಿಫಲವಿಲ್ಲದ ಒಪ್ಪಂದವು ಶೂನ್ಯ. ಆದರೆ ಮಾಸ್ತರರ ಮಾತೂ ಸುಳ್ಳಲ್ಲ. ಅದಕ್ಕೆ ಆಸರೆಯಾದ ಕಾಯಿದೆ ಬೇರೊಂದಿದೆ. ಅಲ್ಲಿಗೆ ಹೋಗುವ ಮೊದಲು ಈ ವಿಚಿತ್ರ ಪರವಾನಿಗೆಗಳು ಹುಟ್ಟಿದ ಬಗೆಯನ್ನು ತಿಳಿಯುವುದು ಒಳ್ಳೆಯದು.

ಮುದ್ರಣಯಂತ್ರದ ಮುನಿಸು

ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಾಂಶಕಾರರಿದ್ದರು. ಅಲ್ಲಿನ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿದ್ದವರಿಗೆಲ್ಲ ಸುದ್ದಿ ಮುಟ್ಟುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. ಬಳಿಕ ಜೆರಾಕ್ಸ್ ಕಂಪನಿಯ ಹೊಸ ಯಂತ್ರ ಬಂದಿತು. ಅದೂ ಸಿಕ್ಕಿಕೊಳ್ಳುತ್ತಿತ್ತು, ಆದರೆ ತಿದ್ದುವುದಕ್ಕೆ ಮೂಲ ಬರವಣಿಗೆ ಇರಲಿಲ್ಲ. ಅದನ್ನು ಬಲ್ಲ ಬೇರೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಯಾರಿಗೂ ತೋರಿಸುವುದಿಲ್ಲವೆಂದು ಬರೆದುಕೊಟ್ಟಿರುವೆನೆಂಬ ಉತ್ತರ ಬಂದಿತು.

ಸಣ್ಣ ಸಂಗತಿ. ಆದರೆ ಅದು ಸ್ಟಾಲ್‌ಮನ್‌ರ ಮನಸ್ಸಿಗೆ ಮುಳ್ಳಿನಂತೆ ನಾಟಿತು. ೧೯೮೩ರಲ್ಲಿ ಅವರು ಗ್ನು ಯೋಜನೆಯನ್ನು ಸಾರಿದರು, ೧೯೮೯ರಲ್ಲಿ ಜಿ.ಪಿ.ಎಲ್. ಪರವಾನಿಗೆಯನ್ನು ಹೊರಡಿಸಿದರು. ಅದರ ಎರಡನೆಯ ಆವೃತ್ತಿ ೧೯೯೧ರದು, ಮೂರನೆಯದು ೨೦೦೭ರದು. ಅದರಲ್ಲಿನ ಜಾಣತನ ಮೆಚ್ಚತಕ್ಕದ್ದು. ಗ್ರಂಥಸ್ವಾಮ್ಯದ ಕಾಯಿದೆ ಇರುವುದೇ ‘ನಕಲು ಮಾಡಬೇಡ’ ಎನ್ನುವುದಕ್ಕೆ. ಸ್ಟಾಲ್‌ಮನ್ ಆ ಕಾಯಿದೆಯನ್ನು ಧಿಕ್ಕರಿಸಲಿಲ್ಲ. ಅದರ ಬಲವನ್ನೇ ತಿರುಗಿಸಿ, ‘ನಕಲು ಮಾಡು, ಆದರೆ ಇತರರನ್ನು ತಡೆಯಬೇಡ’ ಎಂದು ಬರೆದರು. ಮನೆಯೊಳಗೆ ತನಗಾಗಿ ಬಳಸಿಕೊಳ್ಳುವವನಿಗೆ ಯಾವ ಕಟ್ಟೂ ಇಲ್ಲ. ಇನ್ನೊಬ್ಬರಿಗೆ ಹಂಚಲು ಹೊರಟಾಗ ಮಾತ್ರ ಷರತ್ತು ಎದ್ದು ನಿಲ್ಲುತ್ತದೆ. ಎಲ್ಲ ಪರವಾನಿಗೆಗಳೂ ಇಷ್ಟು ಬಿಗಿಯಲ್ಲ, ಎಂ.ಐ.ಟಿ., ಬಿ.ಎಸ್.ಡಿ. ಎಂಬ ಹೆಸರಿನವು ಕರ್ತೃವಿನ ಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕೆನ್ನುತ್ತವೆ.

ಷರತ್ತಿನ ದಾನವೆಂಬುದು ಸುರಪುರ ಸೀಮೆಯವರಿಗೆ ಅರಿಯದ ವಿಷಯವಲ್ಲ. ನಾಯಕ ದೊರೆಗಳ ಕಾಲದಲ್ಲಾಗಲಿ, ಮುಂದೆ ನಿಜಾಮರ ಕಾಲದಲ್ಲಾಗಲಿ ದಕ್ಖನದ ಉದ್ದಗಲಕ್ಕೂ ಸೇವಾ ಇನಾಮುಗಳಿದ್ದವು. ಗುಡಿಯ ದೀಪಕ್ಕೆಂದೋ ಊರ ಚಾಕರಿಗೆಂದೋ ಹೊಲ ಬಿಟ್ಟುಕೊಡುತ್ತಿದ್ದರು. ದೀಪ ಉರಿಯುವವರೆಗೆ ಹೊಲ ಅವನದು; ದೀಪ ಆರಿದರೆ ಸರ್ಕಾರ ಹೊಲವನ್ನು ಮರಳಿ ಪಡೆಯಬಹುದಾಗಿತ್ತು. ಇನಾಮುದಾರ ರೊಕ್ಕ ಕೊಟ್ಟಿರಲಿಲ್ಲ, ಎಂದಮಾತ್ರಕ್ಕೆ ಷರತ್ತು ಸುಳ್ಳೆಂದು ಯಾರೂ ವಾದಿಸಲಿಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಸುರಪುರದ ಬೆಟ್ಟದ ಮೇಲೆ ಇಂದಿಗೂ ನಿಂತಿರುವ ಮಂಜಿಲಿಗೆ ತನ್ನ ಹೆಸರನ್ನು ಬಿಟ್ಟುಹೋದ ಮೆಡೋಸ್ ಟೇಲರ್, ಆಡಳಿತಗಾರನಾಗಿದ್ದಂತೆಯೇ ಕಾದಂಬರಿಕಾರನೂ ಆಗಿದ್ದನು. ಅವನು ಸುರಪುರದಲ್ಲಿದ್ದಾಗಲೇ, ೧೮೪೭ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಗೆ ಮೊದಲ ಗ್ರಂಥಸ್ವಾಮ್ಯದ ಕಾಯಿದೆಯನ್ನು ಮಾಡಿತು. ಸಂಸ್ಥಾನವಾಗಿದ್ದ ಸುರಪುರಕ್ಕೆ ಅದರ ಗೊಡವೆಯಿರಲಿಲ್ಲ.

ಆಟಿಕೆಯ ರೈಲು, ಅಸಲಿ ಮೊಕದ್ದಮೆ

ಮುಂಬಯಿಯ ಕಡೆಯ ರೈಲುಹಾದಿ ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿಕೊಂಡಂದಿನಿಂದ ಯಾದಗಿರಿ ರೈಲು ಕಂಡ ಊರು. ಆದುದರಿಂದ ಈ ವಿಷಯದ ಅತ್ಯಂತ ಪ್ರಸಿದ್ಧ ಮೊಕದ್ದಮೆ ರೈಲಿನ ಮೇಲೆಯೇ ನಡೆಯಿತೆಂದರೆ ಅಲ್ಲಿಯವರಿಗೆ ಸ್ವಾರಸ್ಯವೆನಿಸೀತು. ಆ ರೈಲು ಮಾತ್ರ ಮೇಜಿನ ಮೇಲೆ ಓಡುವ ಆಟಿಕೆಯದು.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದ ರಾಬರ್ಟ್ ಜೇಕಬ್ಸನ್‌ರಿಗೆ ಮಾದರಿ ರೈಲುಗಳ ಹವ್ಯಾಸ. ಅವರೂ ಅವರಂತಹ ಅನೇಕ ಹವ್ಯಾಸಿಗಳೂ ಕೂಡಿ, ಗಣಕದಿಂದ ಇಂತಹ ರೈಲುಗಳನ್ನು ನಡೆಸುವ ತಂತ್ರಾಂಶವನ್ನು ಬರೆದು ‘ಆರ್ಟಿಸ್ಟಿಕ್ ಲೈಸೆನ್ಸ್’ ಎಂಬ ಮುಕ್ತ ಪರವಾನಿಗೆಯಲ್ಲಿ ಬಿಟ್ಟಿದ್ದರು. ಮ್ಯಾಥ್ಯೂ ಕಾಟ್ಸರ್ ಎಂಬವರ ಕಂಪನಿಯೂ ಅದೇ ಬಗೆಯ ಸರಕನ್ನು ಮಾರುತ್ತಿತ್ತು. ಆ ಕಂಪನಿ ತನ್ನ ಪೇಟೆಂಟನ್ನು ಮುಂದೊಡ್ಡಿ, ಬಿಟ್ಟಿ ಹಂಚುತ್ತಿದ್ದ ಪ್ರಾಧ್ಯಾಪಕರಿಂದಲೇ ಎರಡು ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ಕೇಳಿತು! ಜೇಕಬ್ಸನ್ ೨೦೦೬ರಲ್ಲಿ ನ್ಯಾಯಾಲಯವನ್ನು ಹತ್ತಿದರು. ವ್ಯಾಜ್ಯ ನಡೆಯುತ್ತಿದ್ದಂತೆ, ಹವ್ಯಾಸಿಗಳು ಬರೆದ ಕಡತಗಳೇ ಕಂಪನಿಯ ಸರಕಿನೊಳಗೆ ಸೇರಿಕೊಂಡಿದ್ದ ಸಂಗತಿ ಬೆಳಕಿಗೆ ಬಂದಿತು. ಬರೆದವರ ಹೆಸರಿಲ್ಲ, ಸ್ವಾಮ್ಯದ ಸೂಚನೆಯಿಲ್ಲ, ಎಲ್ಲಿಂದ ಬಂತೆಂಬ ಉಲ್ಲೇಖವಿಲ್ಲ, ಏನು ಬದಲಾಯಿಸಿದೆವೆಂಬ ವಿವರಣೆಯೂ ಇಲ್ಲ.

ಕೆಳಗಿನ ನ್ಯಾಯಾಲಯ ೨೦೦೭ರಲ್ಲಿ ಜೇಕಬ್ಸನ್‌ರಿಗೆ ತಡೆಯಾಜ್ಞೆಯನ್ನು ನಿರಾಕರಿಸಿತು. ಪರವಾನಿಗೆ ಅಷ್ಟು ಉದಾರವಾಗಿರುವಾಗ ಹೆಸರು ಬಿಟ್ಟದ್ದು ಹೆಚ್ಚೆಂದರೆ ಕರಾರಿನ ಭಂಗ, ಸ್ವಾಮ್ಯದ ಉಲ್ಲಂಘನೆಯಲ್ಲ ಎಂಬುದು ಅದರ ನೋಟ. ಸಾಮಾನ್ಯ ಓದುಗನಿಗೆ ಇದು ಕೂದಲು ಸೀಳುವ ವಾದವೆನಿಸಬಹುದು. ಆದರೆ ಎಲ್ಲವೂ ನಿಂತದ್ದು ಆ ಕೂದಲಿನ ಮೇಲೆಯೇ. ಕರಾರು ಮುರಿದರೆ ಆದ ನಷ್ಟವನ್ನು ಹಣದಲ್ಲಿ ತುಂಬಿಕೊಡಬೇಕು. ಬಿಟ್ಟಿ ಕೊಟ್ಟ ವಸ್ತುವಿನ ನಷ್ಟವೆಷ್ಟು? ಸೊನ್ನೆ. ಅಂದರೆ ಷರತ್ತನ್ನು ಮುರಿದವನು ಗೆದ್ದಂತೆಯೇ. ಸ್ವಾಮ್ಯವನ್ನು ಮುರಿದನೆಂದಾದರೋ, ‘ಮಾರಾಟ ನಿಲ್ಲಿಸು’ ಎಂದು ಹೇಳುವ ಅಧಿಕಾರ ನ್ಯಾಯಾಲಯಕ್ಕೆ ಬರುತ್ತದೆ.

೨೦೦೮ರ ಆಗಸ್ಟ್ ೧೩ರಂದು ಮೇಲಿನ ನ್ಯಾಯಾಲಯ ಆ ತೀರ್ಪನ್ನು ಬದಿಗೊತ್ತಿತು. ಪರವಾನಿಗೆಯಲ್ಲಿ ‘ಹೀಗೆ ಮಾಡುವ ಪಕ್ಷದಲ್ಲಿ ಮಾತ್ರ’ ಎಂಬ ಅರ್ಥದ ಮಾತು ಇದೆ. ಅದು ಬರಿಯ ವಾಗ್ದಾನವಲ್ಲ, ಅನುಮತಿಗೆ ಕಟ್ಟಿದ ಷರತ್ತು. ಷರತ್ತು ತಪ್ಪಿದರೆ ಅನುಮತಿಯೇ ಇಲ್ಲ ಎಂದು ನ್ಯಾಯಪೀಠ ಹೇಳಿತು. ಹಣ ಕೈ ಬದಲಾಯಿಸದಿದ್ದರೂ ಮುಕ್ತವಾಗಿ ಹಂಚುವುದರಿಂದ ಕರ್ತೃವಿಗೆ ಹೆಸರು, ಸುಧಾರಣೆ, ಹೊಸ ಸಹಾಯಕರು ದೊರೆಯುತ್ತಾರೆ. ಇವೂ ಲಾಭಗಳೇ ಎಂದೂ ಅದು ಒಪ್ಪಿತು. ೨೦೧೦ರಲ್ಲಿ ಪಕ್ಷಗಳು ರಾಜಿಯಾದವು. ಜೇಕಬ್ಸನ್‌ರಿಗೆ ಒಂದು ಲಕ್ಷ ಡಾಲರ್ ಕೊಡಲು ಎದುರು ಪಕ್ಷ ಒಪ್ಪಿತು.

ಅಮೆರಿಕೆಗಿಂತ ಮೊದಲೇ ಜರ್ಮನಿ ಈ ಗಂಟನ್ನು ಬಿಡಿಸಿತ್ತು. ಲಿನಕ್ಸಿನ ಒಂದು ಭಾಗವನ್ನು ಬರೆದವರಲ್ಲಿ ಒಬ್ಬರಾದ ಹರಾಲ್ಡ್ ವೆಲ್ಟೆ, ಮನೆಗಳಿಗೆ ಅಂತರ್ಜಾಲ ತಲುಪಿಸುವ ರೌಟರುಗಳನ್ನು ಮಾರುತ್ತಿದ್ದ ಸೈಟ್‌ಕಾಂ ಕಂಪನಿಯ ಮೇಲೆ ದಾವೆ ಹೂಡಿದರು. ಕಂಪನಿ ಆ ತಂತ್ರಾಂಶವನ್ನು ಬಳಸಿತ್ತು; ಮೂಲ ಬರವಣಿಗೆಯನ್ನು ಕೊಟ್ಟಿರಲಿಲ್ಲ, ಪರವಾನಿಗೆಯ ಸೊಲ್ಲೆತ್ತಿರಲಿಲ್ಲ. ೨೦೦೪ರ ಮೇ ೧೯ರಂದು ಮ್ಯೂನಿಕ್ ನ್ಯಾಯಾಲಯ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಅಲ್ಲಿನ ತರ್ಕ ಸರಳ, ಸುಂದರ. ಪರವಾನಿಗೆ ಸಿಂಧುವಾದರೆ ಪ್ರತಿವಾದಿ ಅದರ ಷರತ್ತನ್ನು ಮುರಿದಿದ್ದಾನೆ. ಅಸಿಂಧುವೆಂದು ಅವನೇ ವಾದಿಸಿದರೆ, ನಕಲು ಮಾಡಲು ಅವನಿಗೆ ಬೇರಾವ ಹಕ್ಕೂ ಇಲ್ಲ. ಇತ್ತ ದರಿ, ಅತ್ತ ಪುಲಿ!

ಪ್ಯಾರಿಸಿನಲ್ಲಿ ಸಣ್ಣ ಸಂಸ್ಥೆಯೊಂದು ಆರೆಂಜ್ ಎಂಬ ಬೃಹತ್ ದೂರವಾಣಿ ಕಂಪನಿಯ ಮೇಲೆ ೨೦೧೧ರಲ್ಲಿ ಹೂಡಿದ ಇಂತಹುದೇ ವ್ಯಾಜ್ಯ ಮೇಲೆ ಕೆಳಗೆ ಓಡಾಡಿ, ೨೦೨೪ರ ಫೆಬ್ರವರಿಯಲ್ಲಿ ಐದು ಲಕ್ಷ ಯೂರೋಗಳಿಗೂ ಮಿಕ್ಕ ಪರಿಹಾರದ ತೀರ್ಪಿನಲ್ಲಿ ಕೊನೆಗಂಡಿತು. ಹದಿಮೂರು ವರ್ಷ! ವಿಳಂಬವೆಂಬುದು ನಮ್ಮ ದೇಶದ ಕೋರ್ಟುಗಳಿಗೆ ಮಾತ್ರ ಮೀಸಲಾದ ಶಾಪವಲ್ಲವೆಂದು ಯಾದಗಿರಿಯ ಕಕ್ಷಿದಾರರು ಸಮಾಧಾನ ಪಟ್ಟುಕೊಳ್ಳಬಹುದು.

ನಮ್ಮ ಕಾಯಿದೆ ಏನನ್ನುತ್ತದೆ?

ಪರದೇಶದ ತೀರ್ಪುಗಳು ನಮ್ಮ ನ್ಯಾಯಾಧೀಶರಿಗೆ ದಾರಿ ತೋರಿಸಬಲ್ಲವೇ ಹೊರತು ಅವರನ್ನು ಕಟ್ಟಿಹಾಕಲಾರವು. ಆದುದರಿಂದ ಶಹಾಪುರದ ಮಾಸ್ತರರು ನೆಚ್ಚಬೇಕಾದದ್ದು ನಮ್ಮದೇ ಆದ ೧೯೫೭ರ ಗ್ರಂಥಸ್ವಾಮ್ಯ ಕಾಯಿದೆಯನ್ನು. ಹೈದರಾಬಾದ್ ಕರ್ನಾಟಕ ವಿಶಾಲ ಮೈಸೂರಿನಲ್ಲಿ ಸೇರಿದ ಮರುವರ್ಷ ಹುಟ್ಟಿದ ಕಾಯಿದೆ ಇದು. ಗಣಕದ ತಂತ್ರಾಂಶವನ್ನು ಅದರೊಳಗೆ ಸೇರಿಸಿದ್ದು ೧೯೮೪ರ ತಿದ್ದುಪಡಿ. ಅಂದಿನಿಂದ ಕಾಯಿದೆಯ ಕಣ್ಣಿಗೆ ತಂತ್ರಾಂಶವೂ ಕಾದಂಬರಿಯಂತೆ ಒಂದು ಸಾಹಿತ್ಯಕೃತಿ!

ಈ ಕಾಯಿದೆಯ ೫೧ನೆಯ ಕಲಮನ್ನು ಓದಿದವರಿಗೆ, ಅಮೆರಿಕೆಯ ಪಂಡಿತರು ಎರಡು ವರ್ಷ ಕಾದಾಡಿದ್ದರ ಉತ್ತರ ನಮ್ಮಲ್ಲಿ ಅರ್ಧ ಶತಮಾನದ ಹಿಂದೆಯೇ ಅಚ್ಚಾಗಿತ್ತೆಂದು ಕಂಡುಬಂದೀತು. ಸ್ವಾಮ್ಯವಿದ್ದವನ ಪರವಾನಿಗೆಯಿಲ್ಲದೆ ಅವನ ಹಕ್ಕಿನ ಕೆಲಸವನ್ನು ಮಾಡುವುದು ಮಾತ್ರವೇ ಉಲ್ಲಂಘನೆಯಲ್ಲ. ಕೊಟ್ಟ ಪರವಾನಿಗೆಯ ಷರತ್ತುಗಳಿಗೆ ವಿರುದ್ಧವಾಗಿ ಮಾಡುವುದೂ ಉಲ್ಲಂಘನೆಯೇ ಎಂದು ಆ ಕಲಮು ನೇರವಾಗಿ ಹೇಳುತ್ತದೆ. ಇಲ್ಲಿ ಪ್ರತಿಫಲದ ಮಾತಿಲ್ಲ, ಕರಾರಿನ ಮಾತಿಲ್ಲ. ಷರತ್ತು ಇತ್ತೇ, ಮುರಿಯಿತೇ ಎಂಬುದಷ್ಟೇ ಪ್ರಶ್ನೆ. ವಕೀಲ ಸಾಹೇಬರು ಎತ್ತಿದ ೨೫ನೆಯ ಕಲಮಿನ ಅಡ್ಡಿಯನ್ನು ಮಾಸ್ತರರು ಈ ದಾರಿಯಿಂದ ಸುತ್ತುಹಾಕಿ ಹೋಗಬಹುದು.

ಇನ್ನು ಸಹಿಯ ತೊಡಕು. ಪರವಾನಿಗೆಯನ್ನು ಕುರಿತ ೩೦ನೆಯ ಕಲಮಿನಲ್ಲಿ ಮೊದಲು, ಸ್ವಾಮ್ಯದ ಒಡೆಯ ‘ಸಹಿ ಮಾಡಿದ’ ಬರವಣಿಗೆ ಬೇಕೆಂದಿತ್ತು. ಅಂತರ್ಜಾಲದಲ್ಲಿ ಜಗತ್ತಿಗೆಲ್ಲ ಅನುಮತಿ ಕೊಡುವವನು ಎಷ್ಟು ಕಾಗದಗಳಿಗೆ ಸಹಿ ಮಾಡಬೇಕು? ೨೦೧೨ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಈಗ ಬರವಣಿಗೆ ಇದ್ದರೆ ಸಾಕು. ವಿದ್ಯುನ್ಮಾನ ದಾಖಲೆಯೂ ಬರವಣಿಗೆಯೇ ಎಂದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆ ಮೊದಲೇ ಹೇಳಿದೆ. ಒಂದೇ ಪದದ ಈ ಬದಲಾವಣೆಯಿಂದ ಪ್ರಯೋಜನವಾದದ್ದು ತಂತ್ರಾಂಶಕಾರರಿಗೆ ಮಾತ್ರವಲ್ಲ. ಕಾದಂಬರಿಕಾರ ನಿರಂಜನರ ಐವತ್ತೈದು ಕೃತಿಗಳನ್ನು ೨೦೧೪ರಲ್ಲಿ ಅವರ ಮಗಳು ತೇಜಸ್ವಿನಿ ನಿರಂಜನ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಮುಕ್ತ ಪರವಾನಿಗೆಯಲ್ಲಿ ನಾಡಿಗೆ ಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ ಅದೇ ಬಗೆಯಲ್ಲಿ ಬಿಟ್ಟುಕೊಟ್ಟಿತು. ಅಲ್ಲಿಯೂ ಷರತ್ತು ಉಂಟು: ಕರ್ತೃವಿನ ಹೆಸರನ್ನು ಹೇಳಬೇಕು, ತಿದ್ದಿ ಹಂಚುವವರು ಅದೇ ಪರವಾನಿಗೆಯಲ್ಲಿ ಹಂಚಬೇಕು. ನಿರಂಜನರ ಕಾದಂಬರಿಯನ್ನು ಅಚ್ಚು ಹಾಕಿಸಿ ಮುಖಪುಟದಿಂದ ಅವರ ಹೆಸರನ್ನೇ ಕಿತ್ತವನಿಗೂ, ಮಾಸ್ತರರ ಹೆಸರನ್ನು ಒರೆಸಿದವನಿಗೂ ೫೧ನೆಯ ಕಲಮು ಒಂದೇ.

ಹೆಸರು ಒರೆಸಿದ್ದಕ್ಕೆ ಇನ್ನೂ ಒಂದು ಏಟು ಕಾದಿದೆ. ಕೃತಿಯ ಹೆಸರು, ಕರ್ತೃವಿನ ಹೆಸರು, ಬಳಕೆಯ ನಿಬಂಧನೆಗಳು - ಇವನ್ನು ತಿಳಿದೂ ತಿಳಿದೂ ಅಳಿಸಿದವನಿಗೆ ಎರಡು ವರ್ಷದವರೆಗೆ ಕಾರಾಗೃಹವಾಸವನ್ನೂ ದಂಡವನ್ನೂ ವಿಧಿಸುವ ೬೫-ಬಿ ಎಂಬ ಕಲಮನ್ನು ಅದೇ ೨೦೧೨ರ ತಿದ್ದುಪಡಿ ಸೇರಿಸಿತು. ಕೋರ್ಟಿನ ಆವರಣದಲ್ಲಿ ‘ಅರವತ್ತೈದು-ಬಿ’ ಎಂದರೆ ಬಹುಮಂದಿ ವಕೀಲರಿಗೆ ನೆನಪಾಗುವುದು ಹಳೆಯ ಸಾಕ್ಷ್ಯ ಕಾಯಿದೆಯ ಕಲಮು. ಗ್ರಂಥಸ್ವಾಮ್ಯದಲ್ಲಿಯೂ ಅದೇ ಸಂಖ್ಯೆಯ ತಮ್ಮನೊಬ್ಬನಿರುವುದು ಅನೇಕರ ಗಮನಕ್ಕೆ ಬಂದಿಲ್ಲ.

ಹಾಗಾದರೆ ಎಲ್ಲವೂ ಸುಗಮವೆಂದು ತಿಳಿಯಬೇಕಾಗಿಲ್ಲ. ನಮ್ಮ ಕಾಯಿದೆಯಲ್ಲಿ ಒಂದು ಕುಣಿಕೆಯಿದೆ. ಸ್ವಾಮ್ಯವನ್ನು ವರ್ಗಾಯಿಸುವಾಗ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದು ಭಾವಿಸತಕ್ಕದ್ದು; ಪ್ರದೇಶವನ್ನು ಹೇಳದಿದ್ದರೆ ಭಾರತವೊಂದೇ ಎಂದು ಗ್ರಹಿಸತಕ್ಕದ್ದು ಎಂದು ೧೯ನೆಯ ಕಲಮು ಹೇಳುತ್ತದೆ. ೩೦-ಎ ಕಲಮು ಇದನ್ನು ಪರವಾನಿಗೆಗಳಿಗೂ ಹಬ್ಬಿಸಿದೆ. ಬಡ ಲೇಖಕನನ್ನು ಪ್ರಕಾಶಕ ಶಾಶ್ವತವಾಗಿ ಕಟ್ಟಿಹಾಕಬಾರದೆಂಬ ಸದುದ್ದೇಶ ಇದರದು. ಆದರೆ ಲಿನಕ್ಸಿಗೆ ಅಂಟಿದ ಜಿ.ಪಿ.ಎಲ್. ಎರಡನೆಯ ಆವೃತ್ತಿ ಅವಧಿಯನ್ನು ಹೇಳುವುದೇ ಇಲ್ಲ. ಐದು ವರ್ಷ ಕಳೆದ ಮೇಲೆ ಅನುಮತಿಯ ಗತಿಯೇನು ಎಂದು ಚುರುಕಾದ 
ವಕೀಲರೊಬ್ಬರು ಕೇಳಿದರೆ ಅದು ಕುಚೋದ್ಯದ ಪ್ರಶ್ನೆಯಾಗಲಾರದು. ೨೦೦೭ರ ಮೂರನೆಯ ಆವೃತ್ತಿಯಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಸ್ವಾಮ್ಯ ಇರುವವರೆಗೂ ಅನುಮತಿಯುಂಟು, ಷರತ್ತು ಪಾಲಿಸುವವರೆಗೂ ಅದನ್ನು ಹಿಂದೆಗೆಯುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಬರೆದಿದೆ. ಅಪಾಚೆ ಎಂಬ ಪರವಾನಿಗೆಯೂ ಶಾಶ್ವತ, ವಿಶ್ವವ್ಯಾಪಿ ಎಂಬ ಮಾತುಗಳನ್ನು ಬಳಸುತ್ತದೆ. ಹೊಸದಾಗಿ ತಂತ್ರಾಂಶ ಬಿಡುವ ನಮ್ಮವರು ಪರವಾನಿಗೆಯನ್ನು ಆರಿಸುವಾಗ ಈ ಎರಡು ಮಾತುಗಳಿವೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ತಂತ್ರಾಂಶದ ಪರವಾನಿಗೆಯೆಂದರೆ ಕಾಯಿದೆಯಲ್ಲಿ ಏನೆಂಬ ಪ್ರಶ್ನೆ ಕರ್ನಾಟಕದ ಉಚ್ಚ ನ್ಯಾಯಾಲಯದಿಂದಲೇ ದಿಲ್ಲಿಗೆ ಹೋಗಿತ್ತು. ಅದು ತೆರಿಗೆಯ ನೆಪದಿಂದ. ಪರದೇಶದಿಂದ ತಂತ್ರಾಂಶ ತರಿಸಿಕೊಂಡವರು ಕೊಟ್ಟ ಹಣ ಸ್ವಾಮ್ಯದ ಗೌರವಧನವೇ, ಬರಿಯ ಸರಕಿನ ಬೆಲೆಯೇ ಎಂಬುದು ವಿವಾದ. ಗೌರವಧನವೇ ಎಂದು ಕರ್ನಾಟಕ ಉಚ್ಚ ನ್ಯಾಯಾಲಯ ೨೦೧೧ರಲ್ಲಿ ತೀರ್ಮಾನಿಸಿತ್ತು. ‘ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್’ ಎಂಬ ಸಂಸ್ಥೆಯ ಹೆಸರಿನಿಂದ ಪ್ರಸಿದ್ಧವಾದ ಅಪೀಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೨೧ರ ಮಾರ್ಚ್ ೨ರಂದು ಅದನ್ನು ತಿರುಗಿಸಿತು. ಪೆಟ್ಟಿಗೆಯಲ್ಲಿ ಬಂದ ತಂತ್ರಾಂಶವನ್ನು ಬಳಸುವ ಅನುಮತಿ ಮಾತ್ರ ಪಡೆದವನಿಗೆ ಸ್ವಾಮ್ಯದಲ್ಲಿ ಕವಡೆಯಷ್ಟೂ ಪಾಲಿಲ್ಲ. ನಕಲು, ಮಾರ್ಪಾಟು ಮುಂತಾದ ಹಕ್ಕುಗಳಲ್ಲಿ ಏನಾದರೂ ಕೈಗೆ ಬಂದರೆ ಮಾತ್ರ ಅದು ೩೦ನೆಯ ಕಲಮಿನ ಪರವಾನಿಗೆ ಎಂಬುದು ಅಲ್ಲಿನ ವಿವೇಚನೆಯ ಸಾರ. ಮುಕ್ತ ತಂತ್ರಾಂಶದವರು ಕೊಡುವುದು ನಿಖರವಾಗಿ ಅವನ್ನೇ: ನಕಲು ಮಾಡುವ, ತಿದ್ದುವ, ಹಂಚುವ ಹಕ್ಕುಗಳು. ತೆರಿಗೆಯ ಆ ತೀರ್ಪಿನ ಬೆಳಕಿನಲ್ಲಿ ನೋಡಿದರೆ, ಹಣ ತೆತ್ತು ತಂದ ಪೆಟ್ಟಿಗೆಯೊಳಗಿನ ‘ಲೈಸೆನ್ಸಿ’ಗಿಂತ ಧರ್ಮಾರ್ಥ ಸಿಕ್ಕ ಜಿ.ಪಿ.ಎಲ್. ಪತ್ರವೇ ಕಾಯಿದೆಯ ಅರ್ಥದಲ್ಲಿ ಹೆಚ್ಚು ಅಸಲಿ ಪರವಾನಿಗೆ ಎನ್ನಬೇಕಾಗುತ್ತದೆ.

ದಾವೆ ಎಲ್ಲಿ?

ದೂರದ ನಗರದ ಕಂಪನಿಯ ಮೇಲೆ ದಾವೆ ಹೂಡಲು ಮಾಸ್ತರರು ರಜೆ ಹಾಕಿ ಅಷ್ಟು ದೂರ ಅಲೆಯಬೇಕೇ? ಬೇಕಾಗಿಲ್ಲ. ಕಾಯಿದೆಯ ೬೨ನೆಯ ಕಲಮು ಲೇಖಕರಿಗೆ ಒಂದು ವಿಶೇಷ ಸೌಲಭ್ಯವನ್ನು ಕೊಟ್ಟಿದೆ. ಬೇರೆ ದಾವೆಗಳಲ್ಲಿ ಸಾಮಾನ್ಯವಾಗಿ ಪ್ರತಿವಾದಿಯ ಊರಿಗೋ ತಂಟೆ ನಡೆದ ಊರಿಗೋ ಹೋಗಬೇಕು. ಸ್ವಾಮ್ಯದ ದಾವೆಯನ್ನು ವಾದಿ ತಾನು ವಾಸವಾಗಿರುವ ಅಥವಾ ಉದ್ಯೋಗ ಮಾಡುವ ಊರಿನ ಜಿಲ್ಲಾ ನ್ಯಾಯಾಲಯದಲ್ಲಿಯೇ ಹೂಡಬಹುದು. ಈ ಸೌಲಭ್ಯವನ್ನು ದೊಡ್ಡ ಸಂಸ್ಥೆಗಳು ಪ್ರತಿವಾದಿಯನ್ನು ದೂರದ ಊರಿಗೆಳೆದು ಪೀಡಿಸಲು ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯ ೨೦೧೫ರಲ್ಲಿ ಎಚ್ಚರಿಸಿತು. ಆದರೆ ಸ್ವಂತ ಊರಿನಲ್ಲಿಯೇ ಇರುವ ಮಾಸ್ತರರಿಗೆ ಆ ಎಚ್ಚರಿಕೆ ತಟ್ಟುವುದಿಲ್ಲ.

ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಮಾತ್ರ ಈ ದಾವೆ ನಿಲ್ಲದು. ಹೀಗಾಗಿ ಶಹಾಪುರದವರಾಗಲಿ ಸುರಪುರದವರಾಗಲಿ ಭೀಮೆಯನ್ನು ದಾಟಲೇಬೇಕು. ಯಾದಗಿರಿ ಜಿಲ್ಲೆಯಾದದ್ದು ೨೦೦೯ರ ಡಿಸೆಂಬರ್ ೩೦ರಂದು. ಅದಕ್ಕೆ ಮುನ್ನ ಈ ಮೂರು ಊರುಗಳೂ ಗುಲ್ಬರ್ಗಾ ಜಿಲ್ಲೆಯ ಅಂಗಗಳಾಗಿದ್ದವು. ಅಪೀಲಿಗೂ ಈಗ ಬೆಂಗಳೂರಿನ ರೈಲು ಹಿಡಿಯಬೇಕಾಗಿಲ್ಲ. ೨೦೦೮ರಲ್ಲಿ ಸಂಚಾರಿಯಾಗಿ ಆರಂಭವಾದ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ ೨೦೧೩ರಿಂದ ಕಾಯಂ ಆಗಿದೆ. ದಾವೆಯ ಮೌಲ್ಯ ಮೂರು ಲಕ್ಷ ರೂಪಾಯಿಗೆ ಕಡಮೆಯಿಲ್ಲದಿದ್ದರೆ ಅದು ವಾಣಿಜ್ಯ ವ್ಯಾಜ್ಯವೆನಿಸುತ್ತದೆ. ತುರ್ತು ತಡೆಯಾಜ್ಞೆಯನ್ನು ಬೇಡದವರು ಮೊದಲು ಮಧ್ಯಸ್ಥಿಕೆಯ ಮೆಟ್ಟಿಲನ್ನು ಹತ್ತಿ ಬರಬೇಕಾಗುತ್ತದೆ.

ಗೆದ್ದರೆ ಸಿಗುವುದೇನು? ೫೫ನೆಯ ಕಲಮಿನಂತೆ ತಡೆಯಾಜ್ಞೆ, ನಷ್ಟಪರಿಹಾರ, ಕಂಪನಿ ಗಳಿಸಿದ ಲಾಭದ ಲೆಕ್ಕ. ಧರ್ಮಾರ್ಥ ಕೊಟ್ಟವನಿಗೆ ಮೂರನೆಯದೇ ಹೆಚ್ಚು ಬೆಲೆಯುಳ್ಳದ್ದು. ತನ್ನ ನಷ್ಟವನ್ನು ತೋರಿಸಲಾಗದವನು ಎದುರಾಳಿಯ ಲಾಭವನ್ನು ತೋರಿಸಬಹುದಷ್ಟೆ. ಕೃತಿಗೆ ಗ್ರಂಥಸ್ವಾಮ್ಯವಿದೆಯೆಂದು ತನಗೆ ತಿಳಿದಿರಲಿಲ್ಲ, ಹಾಗೆ ನಂಬಲು ಕಾರಣವೂ ಇರಲಿಲ್ಲವೆಂದು ಪ್ರತಿವಾದಿ ನಿರೂಪಿಸಿದರೆ ನಷ್ಟಪರಿಹಾರ ತಪ್ಪುತ್ತದೆ. ಕಡತದ ನೆತ್ತಿಯ ಮೇಲೆಯೇ ಹೆಸರು, ವರ್ಷ, ಪರವಾನಿಗೆಗಳನ್ನು ಬರೆದಿಟ್ಟಿದ್ದರೆ ಅಂತಹ ಮುಗ್ಧತೆಯ ಸೋಗು ನಡೆಯುವುದು ಕಷ್ಟ.

ಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ. ಮಾಡಿಸಿದ್ದರೆ ಸಾಕ್ಷ್ಯಕ್ಕೆ ಬಲ. ೨೦೨೧ರ ನಿಯಮದಂತೆ ತಂತ್ರಾಂಶದ ಮೂಲ ಬರವಣಿಗೆಯ ಮೊದಲ ಹತ್ತು, ಕೊನೆಯ ಹತ್ತು ಪುಟಗಳನ್ನು ಏನನ್ನೂ ಮರೆಮಾಚದೆ ಸಲ್ಲಿಸಬೇಕು. ಮುಚ್ಚುಮರೆಯ ವ್ಯಾಪಾರದವರಿಗೆ ಇದು ಸಂಕಟ. ಎಲ್ಲವನ್ನೂ ಬಯಲಿಗಿಟ್ಟವನಿಗೆ ಏನೂ ಅಲ್ಲ. ಕೊನೆಯದಾಗಿ ಬೇಕಾದದ್ದು ಪ್ರಮಾಣಪತ್ರ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನ ಪ್ರಕಾರ ಗಣಕದ ದಾಖಲೆಯನ್ನು ಹಾಜರುಪಡಿಸುವಾಗ, ಗಣಕವನ್ನು ನೋಡಿಕೊಳ್ಳುವವರ ಸಹಿಯೂ ತಜ್ಞರೊಬ್ಬರ ಸಹಿಯೂ, ಕಡತದ ಬೆರಳಚ್ಚಿನಂತಿರುವ ‘ಹ್ಯಾಷ್’ ಸಂಖ್ಯೆಯೂ ಇರುವ ಪತ್ರವನ್ನು ಲಗತ್ತಿಸಬೇಕು. ತಿದ್ದುಪಡಿಗಳ ತಾರೀಖುವಾರು ಚರಿತ್ರೆಯನ್ನು ಮುಕ್ತ ತಂತ್ರಾಂಶಕಾರರು ರೂಢಿಯಿಂದಲೇ ಕಾಪಾಡಿಕೊಂಡು ಬರುತ್ತಾರೆ. ಶಹಾಪುರದ ಮಾಸ್ತರರು ಅದರ ಪ್ರತಿಯೊಡನೆ ಆ ಪತ್ರವನ್ನೂ ಕೈಚೀಲದಲ್ಲಿಟ್ಟುಕೊಂಡು ಯಾದಗಿರಿಯ ಬಸ್ಸನ್ನು ಹತ್ತಿದರೆ, ಅವರ ದಾವೆಗೆ ೧೬ ಅಕ್ಷರಾಂಕಗಳ ಸಂಖ್ಯೆಯನ್ನು ಕೊಡುವುದೂ ಅವರದಂತೆಯೇ ಮುಕ್ತವಾದ ತಂತ್ರಾಂಶವೇ.